ಹೆಲಿಕಾಪ್ಟರ್ ಬರುತ್ತೆ, ಆದರೆ ಸೀರಿಯಲ್‌ನಲ್ಲಿ ಬಂದಷ್ಟು ಬೇಗ ಅಲ್ಲ

ಪ್ರಶ್ನೆ: ಡಾಕ್ಟ್ರೇ, ನಾವು ಹಾಸನದ ಕಡೆಯವರು, ಈಗ ಮ್ಯೂನಿಕ್‌ನಲ್ಲಿದ್ದೇವೆ. ಕಳೆದ ಚಳಿಗಾಲದಿಂದ ಮನೆಮಂದಿಯೆಲ್ಲ ಕೂತು ಬೆಟ್ಟದ ರಕ್ಷಣಾ ತಂಡದ ಕಥೆಯಿರುವ ‘ಡೀ ಬೆರ್ಗ್‌ರೆಟರ್’ ಎಂಬ ಜರ್ಮನ್ ಸೀರಿಯಲ್ ನೋಡುತ್ತಿದ್ದೇವೆ. ಹಳೆಯ ಕಂತುಗಳನ್ನೂ ಬಿಟ್ಟಿಲ್ಲ. ಊರಿನಿಂದ ಬಂದಿರುವ ಅತ್ತೆಗೆ ಜರ್ಮನ್ ಬರಲ್ಲ, ಆದರೂ ಯಾರು ಯಾರಿಗೆ ಮೋಸ ಮಾಡುತ್ತಿದ್ದಾರೆ ಅನ್ನೋದು ನಮಗಿಂತ ಮೊದಲು ಅವರಿಗೇ ಗೊತ್ತಾಗುತ್ತೆ. ಈಗ ಸಮಸ್ಯೆ ಏನೆಂದರೆ, ಜುಲೈ ರಜೆಯಲ್ಲಿ ಆ ಸೀರಿಯಲ್ ಶೂಟಿಂಗ್ ಆಗುವ ರಾಮ್‌ಸೌ ಊರಿಗೇ ಹೋಗಿ ಕ್ಲೆಟರ್‌ಶ್ಟೈಗ್ (ಉಕ್ಕಿನ ಹಗ್ಗ ಬಿಗಿದ ಬಂಡೆ ದಾರಿ) ಹತ್ತೋಣ ಅಂತ ನಮ್ಮನೆಯವರು ಹಟ ಹಿಡಿದಿದ್ದಾರೆ. ಅವರಿಗೆ 47 ವರ್ಷ, ಐಟಿ ಕೆಲಸ, ವ್ಯಾಯಾಮ ಅಷ್ಟಕ್ಕಷ್ಟೆ. ನಾನು ಬೇಡ ಎಂದರೆ ‘ಏನಾದ್ರೂ ಆದ್ರೆ ಐದು ನಿಮಿಷದಲ್ಲಿ ಹೆಲಿಕಾಪ್ಟರ್ ಬರುತ್ತೆ ಬಿಡು’ ಅನ್ನುತ್ತಾರೆ. ಹಗ್ಗ ತುಂಡಾಗುವುದು, ಹಿಮ ಕುಸಿಯುವುದು ಇದೆಲ್ಲ ನೋಡಿ ನನಗೆ ನಿದ್ದೆಯೇ ಬರುತ್ತಿಲ್ಲ. ನಿಜಕ್ಕೂ ಅಷ್ಟು ಬೇಗ ಬರುತ್ತಾರಾ? ಬಿಲ್ ಎಷ್ಟಾಗುತ್ತೆ? ಅತ್ತೆಗೆ 71, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಅವರನ್ನು ರೋಪ್‌ವೇನಲ್ಲಿ ಮೇಲೆ ಕರೆದುಕೊಂಡು ಹೋಗಬಹುದಾ? ಅವರದ್ದೊಂದು ಪ್ರಶ್ನೆಯೂ ಇದೆ: ಚಳಿ ಹಿಡಿದವರಿಗೆ ಒಂದು ಗುಟುಕು ಬ್ರಾಂಡಿ ಕೊಟ್ಟರೆ ಆಗಲ್ವಾ? ಕೊನೆಯದಾಗಿ, 16 ವರ್ಷದ ಮಗ ತಾನೂ ರಕ್ಷಣಾ ತಂಡ ಸೇರುತ್ತೇನೆ ಅನ್ನುತ್ತಿದ್ದಾನೆ. ಏನು ಹೇಳಲಿ?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಅನಿಸಿದ್ದು ಇದು. ನೀವು ಹೆದರುತ್ತಿರುವುದು ಹಗ್ಗ ಮತ್ತು ಹಿಮಕ್ಕೆ. ನಿಮ್ಮ ಯಜಮಾನರು ನಂಬಿರುವುದು ಹೆಲಿಕಾಪ್ಟರ್ ಅನ್ನು. ನಾನು ಚಿಂತೆ ಮಾಡುವುದು ನೀವಿಬ್ಬರೂ ಹೇಳದ ಮೂರನೆಯ ವಿಷಯಕ್ಕೆ. ಅದಕ್ಕೆ ಆಮೇಲೆ ಬರುತ್ತೇನೆ.

ಸೀರಿಯಲ್ ಬಗ್ಗೆ ಒಂದು ಮಾತು. ಅದು ನನಗೂ ಇಷ್ಟ. ಆಲ್ಪ್ಸ್ ತಪ್ಪಲಿನ ಆಸ್ಪತ್ರೆಯೊಂದರಲ್ಲಿ ನಾನು ತುರ್ತು ಚಿಕಿತ್ಸೆಯ ವೈದ್ಯ. ಬೆಟ್ಟದ ರಕ್ಷಣಾ ತಂಡದ ಜೊತೆಗೂ ಹೋಗುತ್ತೇನೆ. ನಮ್ಮ ತಂಡದಲ್ಲಿ ಈ ಸೀರಿಯಲ್ ನೋಡಿ ಗೊಣಗುವವರು ಇದ್ದಾರೆ, ಗೊಣಗುತ್ತಲೇ ಒಂದು ಕಂತನ್ನೂ ಬಿಡದವರು ಇನ್ನೂ ಜಾಸ್ತಿ. ಜರ್ಮನಿಯ ಝಡ್‌ಡಿಎಫ್ ವಾಹಿನಿ 2009ರಲ್ಲಿ ಇದನ್ನು ‘ಡೀ ಬೆರ್ಗ್‌ವಾಖ್ಟ್’ ಎಂಬ ಹೆಸರಿನಲ್ಲಿ ಶುರು ಮಾಡಿತು, ಈಗಿನ ಹೆಸರು ಆಮೇಲೆ ಬಂದದ್ದು. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ರಾಮ್‌ಸೌನಲ್ಲಿ, 2,995 ಮೀಟರ್ ಎತ್ತರದ ಡಾಖ್‌ಸ್ಟೈನ್ ಪರ್ವತದ ಬುಡದಲ್ಲೇ ಚಿತ್ರೀಕರಣ. ಬಂಡೆ ನಿಜ, ಹಿಮ ನಿಜ, ಹಗ್ಗದ ಗಂಟುಗಳೂ ಬಹುಮಟ್ಟಿಗೆ ಸರಿ. ಸುಳ್ಳು ಇರುವುದು ಗಡಿಯಾರದಲ್ಲಿ. ಸೆಬಾಸ್ಟಿಯನ್ ಸ್ಟ್ರೋಬೆಲ್ ಮಾಡುವ ಮಾರ್ಕುಸ್ ಕೋಫ್ಲರ್ ಪಾತ್ರಕ್ಕೆ ಫೋನ್ ಬಂದ ಮುಂದಿನ ದೃಶ್ಯದಲ್ಲೇ ಅವನು ಹಗ್ಗಕ್ಕೆ ನೇತಾಡುತ್ತಿರುತ್ತಾನೆ. ನಡುವೆ ನಡೆಯುವುದನ್ನು ಕತ್ತರಿಸಿ ತೆಗೆದಿರುತ್ತಾರೆ. ನಿಜಜೀವನದಲ್ಲಿ ಗಾಯಾಳು ಬದುಕುವುದು ಅಥವಾ ಸಾಯುವುದು ಆ ಕತ್ತರಿಸಿದ ಭಾಗದಲ್ಲೇ.

ಆ ಭಾಗದಲ್ಲಿ ಏನೇನಿರುತ್ತೆ ಹೇಳುತ್ತೇನೆ. ನೀವು ಆಸ್ಟ್ರಿಯಾದಲ್ಲಿ 140ಕ್ಕೆ ಫೋನ್ ಮಾಡುತ್ತೀರಿ, ಅದು ಬೆಟ್ಟದ ತುರ್ತು ಸಂಖ್ಯೆ. 112 ಯುರೋಪಿನಲ್ಲೆಲ್ಲ ನಡೆಯುತ್ತೆ. ಎಲ್ಲಿದ್ದೀರಿ ಅಂತ ಕೇಳುತ್ತಾರೆ. ಅರ್ಧ ಜನರಿಗೆ ಇದಕ್ಕೇ ಉತ್ತರ ಗೊತ್ತಿರುವುದಿಲ್ಲ. ‘ಒಂದು ದೊಡ್ಡ ಬಂಡೆ ಹತ್ತಿರ’ ಅನ್ನುತ್ತಾರೆ! ಜಾಗ ಗೊತ್ತಾಗಿ, ಆಕಾಶ ತಿಳಿಯಾಗಿದ್ದು, ಹಗಲಾಗಿದ್ದು, ಹತ್ತಿರದ ಹೆಲಿಕಾಪ್ಟರ್ ಬೇರೆ ಕಡೆ ಹೋಗಿರದಿದ್ದರೆ, ಅಲಾರಂ ಬಂದ ಕೆಲವೇ ನಿಮಿಷದಲ್ಲಿ ಅದು ಮೇಲೇಳುತ್ತೆ. ಆ ಭಾಗಕ್ಕೆ ಹತ್ತಿರದ್ದು ನೀಡರ್‌ಓಬ್ಲಾರ್ನ್‌ನಲ್ಲಿರುವ ಹಳದಿ ಬಣ್ಣದ ‘ಕ್ರಿಸ್ಟೋಫೊರುಸ್ 14’. ಅದರಲ್ಲಿ ಪೈಲಟ್, ಒಬ್ಬ ತುರ್ತು ವೈದ್ಯ, ಒಬ್ಬ ರಕ್ಷಕ ಇರುತ್ತಾರೆ. ಬಂದ ಮೇಲೂ ಕೂಡಲೇ ಹಗ್ಗ ಇಳಿಯುವುದಿಲ್ಲ. ಮೊದಲು ಒಂದು ಸುತ್ತು ಹಾರಿ ಗಾಳಿ ಹೇಗಿದೆ, ತಂತಿಗಳಿವೆಯಾ, ಮೇಲಿಂದ ಕಲ್ಲು ಬೀಳುತ್ತಾ ನೋಡುತ್ತಾರೆ. ಆಮೇಲೆ ಎಲ್ಲಾದರೂ ಸಮತಟ್ಟಾದ ಜಾಗದಲ್ಲಿ ಇಳಿದು, ಭಾರ ಕಡಿಮೆ ಮಾಡಿ, ಕೆಳಗಡೆ ಹಗ್ಗ ಕಟ್ಟಿಕೊಂಡು ಮತ್ತೆ ಏಳುತ್ತಾರೆ. ಎಲ್ಲ ಅನುಕೂಲವಾದರೂ ನಿಮಗೆ ಕೈ ಸಿಗುವಷ್ಟರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ. ಇದು ಒಳ್ಳೆಯ ದಿನದ ಲೆಕ್ಕ.

ಮೋಡ ಕವಿದರೆ ಹೆಲಿಕಾಪ್ಟರ್ ಇಲ್ಲ. ಅಷ್ಟೇ. ಪೈಲಟ್ ಎಷ್ಟೇ ಗಟ್ಟಿಗನಾದರೂ ಕಾಣದ ಬಂಡೆಯ ಪಕ್ಕ ರೆಕ್ಕೆ ತಿರುಗಿಸಲಾರ. ಆಗ ಬೆರ್ಗ್‌ರೆಟುಂಗ್‌ನವರು, ಅಂದರೆ ಊರಿನ ರಕ್ಷಣಾ ತಂಡದವರು ನಡೆದು ಬರುತ್ತಾರೆ. ಇವರು ಸಂಬಳದ ಕೆಲಸಗಾರರಲ್ಲ. ಬಡಗಿ, ರೈತ, ಮೇಷ್ಟ್ರು, ಹೋಟೆಲ್ ನಡೆಸುವವರು, ಹೀಗೆ ಆಸ್ಟ್ರಿಯಾದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರಿದ್ದಾರೆ. ಫೋನ್ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು, ಬಟ್ಟೆ ಬದಲಿಸಿ, ಠಾಣೆಗೆ ಬಂದು, ಗಾಡಿ ಹೋಗುವಷ್ಟು ದೂರ ಹೋಗಿ, ಆಮೇಲೆ ಹತ್ತಬೇಕು. ಸ್ಟ್ರೆಚರ್ ಮೇಲೆ ಒಬ್ಬರನ್ನು ಕಡಿದಾದ ದಾರಿಯಲ್ಲಿ ಇಳಿಸಲು ಆರೆಂಟು ಮಂದಿ ಬೇಕು, ಮಧ್ಯೆ ಕೈ ಬದಲಾಯಿಸಲು ಇನ್ನಷ್ಟು ಮಂದಿ. ಸಂಜೆ ಆರಕ್ಕೆ ಫೋನ್ ಮಾಡಿದವರು ಮಧ್ಯರಾತ್ರಿ ಕೆಳಗೆ ತಲುಪುವುದು ನಮಗೆ ಹೊಸದೇನಲ್ಲ.

ಅವರೂ ತಲುಪಲಾಗದ ದಿನಗಳಿವೆ. ಇದೇ ಡಾಖ್‌ಸ್ಟೈನ್‌ನ ಉತ್ತರ ಭಾಗದಲ್ಲಿ, 1954ರ ಈಸ್ಟರ್ ವಾರದಲ್ಲಿ, ಜರ್ಮನಿಯ ಹೈಲ್‌ಬ್ರಾನ್ ಊರಿನ ಹತ್ತು ಶಾಲಾ ಹುಡುಗರು ಮತ್ತು ಮೂವರು ಶಿಕ್ಷಕರು ಹಿಮಗಾಳಿಗೆ ಸಿಕ್ಕಿ ಸತ್ತರು. ಹವೆ ಕೆಡುತ್ತಿದೆ, ವಾಪಸ್ ಹೋಗಿ ಅಂತ ದಾರಿಯಲ್ಲಿ ಸಿಕ್ಕ ಕೆಲಸಗಾರರು ಹೇಳಿದ್ದರು. ಕೇಳಲಿಲ್ಲ. ನೂರಾರು ಜನ ಹುಡುಕಿದರು, ಆದರೆ ಹಿಮ ಸುರಿಯುತ್ತಲೇ ಇತ್ತು. ಕೊನೆಯವರು ಸಿಕ್ಕಿದ್ದು ವಾರಗಳ ನಂತರ. ಅಷ್ಟು ಹಳೆಯದು ಯಾಕೆ ಬೇಕು, 2024ರ ಜೂನ್ ನಮಗೆಲ್ಲ ನೆನಪಿದೆಯಲ್ಲ. ಉತ್ತರಾಖಂಡದ ಸಹಸ್ರತಾಲ್‌ಗೆ ಹೋದ 22 ಜನರ ತಂಡದಲ್ಲಿ ಹೆಚ್ಚಿನವರು ನಮ್ಮ ಕರ್ನಾಟಕದವರೇ. ವಾಪಸ್ ಬರುವಾಗ ಹಿಮಗಾಳಿ ಹಿಡಿಯಿತು, 9 ಮಂದಿ ಉಳಿಯಲಿಲ್ಲ. ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದವು, 13 ಮಂದಿಯನ್ನು ಕಾಪಾಡಿದರು. ಆದರೆ ಗಾಳಿ ಬೀಸುತ್ತಿದ್ದ ಹೊತ್ತಿನಲ್ಲಿ ಯಾವ ಹೆಲಿಕಾಪ್ಟರ್‌ಗೂ ಅಲ್ಲಿಗೆ ಹೋಗಲಾಗುತ್ತಿರಲಿಲ್ಲ. ಇದನ್ನು ಹೆದರಿಸಲು ಹೇಳುತ್ತಿಲ್ಲ. ‘ಬರುತ್ತಾರೆ ಬಿಡು’ ಎಂಬ ಲೆಕ್ಕದ ಮೇಲೆ ಟ್ರಿಪ್ ಪ್ಲಾನ್ ಮಾಡಬೇಡಿ ಅಂತ ಹೇಳುತ್ತಿದ್ದೇನೆ. ಯಾರೂ ಬರದ ಮೂರ್ನಾಲ್ಕು ಗಂಟೆ ಕಳೆಯಲು ಬೇಕಾದ ಬೆಚ್ಚನೆಯ ಬಟ್ಟೆ, ಮಳೆ ಜಾಕೆಟ್, ತಿನ್ನಲು ಏನಾದರೂ, ತಲೆಗೆ ಕಟ್ಟುವ ಟಾರ್ಚ್, ಚಾರ್ಜ್ ಇರುವ ಫೋನ್ ನಿಮ್ಮ ಚೀಲದಲ್ಲೇ ಇರಬೇಕು.

ಫೋನ್ ವಿಷಯದಲ್ಲಿ ಒಂದು ಉಪಯೋಗದ ಮಾತು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿ ನೋಡಿ. ಬೇರೆ ಯಾವ ಕಂಪನಿಯ ಟವರ್ ಸಿಕ್ಕಿದರೂ ಆ ಕರೆ ಹೋಗುತ್ತೆ. ಅದೂ ಆಗದಿದ್ದರೆ ಹಳೆಯ ಆಲ್ಪೈನ್ ಸಂಕೇತ ಇದೆ: ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ ಅಥವಾ ಟಾರ್ಚ್ ಬಿಡಿ, ಒಂದು ನಿಮಿಷ ಸುಮ್ಮನಿರಿ, ಮತ್ತೆ ಆರು ಸಲ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ. ಇನ್ನೊಂದು, ಇದನ್ನು ನಮ್ಮವರಿಗೆ ಮುಖ್ಯವಾಗಿ ಹೇಳಬೇಕು. ಹೆಲಿಕಾಪ್ಟರ್ ಮೇಲೆ ಹೋಗುವಾಗ ಖುಷಿಯಾಗಿ ಎರಡೂ ಕೈ ಎತ್ತಿ ಹಾಯ್ ಮಾಡಬೇಡಿ. ಎರಡೂ ಕೈ ಮೇಲೆತ್ತಿದರೆ ‘ಹೌದು, ಸಹಾಯ ಬೇಕು’ ಅಂತ ಅರ್ಥ. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಓರೆಯಾಗಿ ಹಿಡಿದರೆ ‘ಬೇಡ’. ಮಕ್ಕಳಿಗೂ ಹೇಳಿಕೊಡಿ, ಸೆಲ್ಫಿ ತೆಗೆಯುವ ದೊಡ್ಡವರಿಗೂ.

ಈಗ ಆ ಮೂರನೆಯ ವಿಷಯ. ಸೀರಿಯಲ್‌ನಲ್ಲಿ ಯಾರಾದರೂ ಹಿಮದ ಬಿರುಕಿಗೆ ಬೀಳುತ್ತಾರೆ, ಬಂಡೆಯ ಮೇಲೆ ಜಗಳವಾಡುತ್ತಾ ಜಾರುತ್ತಾರೆ, ಗುಹೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ನಮಗೆ ಬರುವ ಫೋನ್‌ಗಳಲ್ಲಿ ಹೆಚ್ಚಿನವು ಇಷ್ಟು ರೋಚಕ ಅಲ್ಲ. ಕಾಲು ಉಳುಕಿದೆ. ಇಳಿಯುವಾಗ ಮಣಿಕಟ್ಟು ಮುರಿದಿದೆ. ದಾರಿ ತಪ್ಪಿದೆ, ಕತ್ತಲಾಗಿದೆ. ಸುಸ್ತಾಗಿ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ನಿಂತಿದ್ದಾರೆ. ಇವೆಲ್ಲದರ ನಡುವೆ, ಸೀರಿಯಲ್ ಬರೆಯುವವರಿಗೆ ಅಷ್ಟಾಗಿ ಬೇಡವಾದ ಒಂದು ಕರೆ ಬರುತ್ತೆ: ‘ನಮ್ಮ ಯಜಮಾನರು ಎದೆ ಹಿಡಿದುಕೊಂಡು ಕೂತುಬಿಟ್ಟರು.’

ಆಸ್ಟ್ರಿಯಾದ ಬೆಟ್ಟಗಳಲ್ಲಿ ವರ್ಷಕ್ಕೆ ಸುಮಾರು 300 ಮಂದಿ ಸಾಯುತ್ತಾರೆ. ನಡಿಗೆಗೆ ಅಂತ ಹೋಗಿ ಸತ್ತವರನ್ನು ಮಾತ್ರ ತೆಗೆದುಕೊಂಡರೆ, ಅದರಲ್ಲಿ ಹೃದಯ ನಿಂತು ಹೋದವರ ಪಾಲು ತುಂಬಾ ದೊಡ್ಡದು. ಬಹುತೇಕ ಎಲ್ಲರೂ ನಡುವಯಸ್ಸು ದಾಟುತ್ತಿರುವ ಅಥವಾ ದಾಟಿದ ಗಂಡಸರು. ಬಂಡೆ ಮೇಲಲ್ಲ, ಹಿಮದ ಮೇಲಲ್ಲ, ಗುರುತು ಹಾಕಿದ ಒಳ್ಳೆಯ ಕಾಲುದಾರಿಯಲ್ಲೇ. ಇನ್ಸ್‌ಬ್ರುಕ್‌ನ ಸಂಶೋಧಕರು ಈ ಸಾವುಗಳನ್ನು ವರ್ಷಗಟ್ಟಲೆ ನೋಡಿದ್ದಾರೆ. ಅಪಾಯ ಜಾಸ್ತಿ ಇರುವುದು ರಜೆಯ ಮೊದಲ ದಿನಗಳಲ್ಲಿ, ರೂಢಿಯಿಲ್ಲದ ಶ್ರಮ ಒಮ್ಮೆಗೇ ಬಿದ್ದಾಗ, ಕೊನೆಯ ಸಲ ತಿಂದು ಕುಡಿದು ಬಹಳ ಹೊತ್ತಾದಾಗ. ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಇದ್ದರೆ, ಹಿಂದೆ ಒಮ್ಮೆ ಹೃದಯಾಘಾತ ಆಗಿದ್ದರೆ ಇನ್ನೂ ಜಾಸ್ತಿ.

ಇದಕ್ಕೆ ನಮ್ಮದೊಂದು ಸೇರಿಸಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸರಾಸರಿ ಐದಾರು ವರ್ಷ ಮೊದಲೇ ಬರುತ್ತೆ ಅಂತ ದೊಡ್ಡ ಅಧ್ಯಯನಗಳಲ್ಲೇ ಗೊತ್ತಾಗಿದೆ. ಅಂದರೆ 47ರ ನಿಮ್ಮ ಯಜಮಾನರನ್ನು ಪಕ್ಕದ ಮನೆಯ 47ರ ಜರ್ಮನ್ ಜೊತೆ ಹೋಲಿಸಬೇಡಿ. ಆ ಮನುಷ್ಯ ಚಿಕ್ಕಂದಿನಿಂದ ಬೆಟ್ಟ ಹತ್ತಿರುತ್ತಾನೆ. ನಮ್ಮವರು ಸೋಮವಾರದಿಂದ ಶುಕ್ರವಾರ ಕುರ್ಚಿಯಲ್ಲಿ, ಶನಿವಾರ ಬೆಳಗ್ಗೆ ನಾಲ್ಕು ಗಂಟೆ ಕಾರು ಓಡಿಸಿ, ಬರೀ ಒಂದು ಕಾಫಿ ಕುಡಿದು, ಹತ್ತೂವರೆಗೆ ಬೂಟು ಹಾಕಿ ‘ಬನ್ನಿ ಹತ್ತೋಣ’ ಅನ್ನುತ್ತಾರೆ. ನಾನು ತುರ್ತು ವಾರ್ಡ್‌ನಲ್ಲಿ ನೋಡುವ ಚಿತ್ರ ಹೆಚ್ಚುಕಡಿಮೆ ಇದೇ. ಅದರಲ್ಲೂ ಗಂಡಸರು ಏದುಸಿರು ಬಂದರೆ ಹೇಳುವುದಿಲ್ಲ. ಮಗ ಮುಂದೆ ಹೋಗುತ್ತಿದ್ದಾನೆ, ನಾನು ನಿಲ್ಲುವುದಾ ಅಂತ.

ಇದಕ್ಕೆ ಹೆದರಿ ಮನೆಯಲ್ಲಿ ಕೂರುವುದು ಪರಿಹಾರ ಅಲ್ಲ. ವಾರಕ್ಕೆ ಎರಡು-ಮೂರು ಸಲ ಚುರುಕಾಗಿ ನಡೆಯುವವರಿಗೆ ಈ ಅಪಾಯ ಬಹಳ ಕಡಿಮೆ. ಜುಲೈವರೆಗೆ ಸಮಯ ಇದೆ. ಈ ವಾರದಿಂದಲೇ ಮೆಟ್ಟಿಲು ಹತ್ತಲಿ, ಇಸಾರ್ ನದಿ ದಂಡೆಯಲ್ಲಿ ನಡೆಯಲಿ, ಭಾನುವಾರ ಸಣ್ಣ ಗುಡ್ಡ ಹತ್ತಲಿ. ಹೋಗುವ ಮುಂಚೆ ನಿಮ್ಮ ಮನೆ ಡಾಕ್ಟರ್ ಹತ್ತಿರ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಅವರ ಮನೆತನದಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ ಅದನ್ನು ಮರೆಯದೆ ಹೇಳಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಬೇಕಾ ಅಂತ ಕೇಳಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿದಂತಾಗಿ ನಿಂತರೆ ಸರಿಹೋಗುತ್ತೆ ಎಂಬ ಅನುಭವ ಈಗಾಗಲೇ ಇದ್ದರೆ, ಟ್ರಿಪ್ ವಿಚಾರ ಬಿಡಿ, ನಾಳೆಯೇ ಡಾಕ್ಟರ್ ಹತ್ತಿರ ಹೋಗಿ.

ಇನ್ನು ಕ್ಲೆಟರ್‌ಶ್ಟೈಗ್. ಗೊತ್ತಿಲ್ಲದ ಓದುಗರಿಗಾಗಿ: ಬಂಡೆಗೆ ಉಕ್ಕಿನ ಹಗ್ಗ, ಕಬ್ಬಿಣದ ಮೆಟ್ಟಿಲು ಬಿಗಿದು ಮಾಡಿದ ದಾರಿ. ಸೊಂಟಕ್ಕೆ ಹಾರ್ನೆಸ್ ಎಂಬ ಗಟ್ಟಿ ಪಟ್ಟಿ ಕಟ್ಟಿ, ಅದಕ್ಕೆ ಹಗ್ಗದಿಂದ ಸೇರಿಸಿದ ಎರಡು ಕ್ಯಾರಾಬಿನರ್ ಕೊಕ್ಕೆಗಳನ್ನು ಒಂದಾದ ಮೇಲೊಂದರಂತೆ ಆ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿಕೊಂಡು ಹತ್ತಬೇಕು. ಇಂಥ ದಾರಿಗಳ ಹುಟ್ಟೂರೇ ಡಾಖ್‌ಸ್ಟೈನ್ ಎನ್ನಬಹುದು. ಫ್ರೀಡ್ರಿಶ್ ಸಿಮೊನಿ ಎಂಬ ಭೂಗೋಳಜ್ಞ 1843ರಲ್ಲಿ ಅದರ ಶಿಖರಕ್ಕೆ ಕಬ್ಬಿಣದ ಗೂಟ, ಹಗ್ಗ ಹಾಕಿಸಿದ. ಆಲ್ಪ್ಸ್‌ನ ಮೊದಲ ಕ್ಲೆಟರ್‌ಶ್ಟೈಗ್ ಅದೇ ಅನ್ನುತ್ತಾರೆ. ಈಗ ಅಲ್ಲಿ ಮಕ್ಕಳು ಹತ್ತುವಂಥದ್ದರಿಂದ ಹಿಡಿದು ‘ಡೆರ್ ಯೋಹಾನ್’ ಎಂಬ, ಪಳಗಿದವರಿಗೂ ಬೆವರಿಳಿಸುವ ದಾರಿವರೆಗೆ ಎಲ್ಲ ಇವೆ. ಕಷ್ಟವನ್ನು ಎ, ಬಿ, ಸಿ, ಡಿ, ಇ ಅಂತ ಅಕ್ಷರಗಳಲ್ಲಿ ಹೇಳುತ್ತಾರೆ. ಎ ಸುಲಭ.

ನಿಮ್ಮ ಭಯ ಹಗ್ಗ ತುಂಡಾಗುವುದು. ಉಕ್ಕಿನ ಹಗ್ಗ ತುಂಡಾಗಿ ಬಿದ್ದವರು ಅತಿ ಅಪರೂಪ. ನಾವು ಕ್ಲೆಟರ್‌ಶ್ಟೈಗ್‌ಗೆ ಹೋಗುವುದು ಹೆಚ್ಚಾಗಿ ಗಾಯವೇ ಆಗದವರನ್ನು ತರಲು. ತೋಳು ಸೋತು, ಕಾಲು ನಡುಗಿ, ಬಂಡೆಗೆ ಅಂಟಿಕೊಂಡು ನಿಂತುಬಿಟ್ಟಿರುತ್ತಾರೆ. ಜಿಮ್‌ನಲ್ಲಿ ತೂಕ ಎತ್ತುವವರೂ ಹೀಗೆ ನಿಂತಿರುವುದನ್ನು ನೋಡಿದ್ದೇನೆ. ಮೊದಲ ಅರ್ಧ ಗಂಟೆ ಕೈಯಲ್ಲೇ ಮೈ ಎಳೆದುಕೊಂಡಿರುತ್ತಾರೆ, ಕಾಲು ಬಳಸಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೆಚ್ಚಿನ ಕ್ಲೆಟರ್‌ಶ್ಟೈಗ್‌ಗಳಲ್ಲಿ ಮಧ್ಯದಿಂದ ವಾಪಸ್ ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಹಿಂದಿನಿಂದ ಬರುವವರ ಸಾಲು ಬೇರೆ.

ಬಿದ್ದರೆ ಆ ಹಗ್ಗ-ಕೊಕ್ಕೆಗಳ ಸೆಟ್ ಹಿಡಿಯುತ್ತೆ ಎಂಬುದು ಇನ್ನೊಂದು ತಪ್ಪು ಧೈರ್ಯ. ಹಿಡಿಯುತ್ತೆ, ನಿಜ. ಆದರೆ ಹಿಂದಿನ ಗೂಟದವರೆಗೆ ಕೆಲವು ಮೀಟರ್ ಜಾರಿ, ದಾರಿಯಲ್ಲಿ ಕಬ್ಬಿಣದ ಮೆಟ್ಟಿಲಿಗೆ ಬಡಿದುಕೊಂಡ ಮೇಲೆ. ಜೀವ ಉಳಿಯಬಹುದು, ಮೂಳೆ ಉಳಿಯುವ ಖಾತ್ರಿ ಇಲ್ಲ. ಈಗಿನ ಮಾನದಂಡದ ಸೆಟ್‌ಗಳು 40ರಿಂದ 120 ಕೆಜಿವರೆಗಿನ ಭಾರಕ್ಕೆ ಮಾಡಿದವು. ಅದಕ್ಕಿಂತ ಹಗುರವಾದ ಮಕ್ಕಳಿಗೆ ಬೇರೆ ಹಗ್ಗ ಬೇಕೇ ಬೇಕು. ಹಳೆಯ ಸೆಟ್ ಯಾರೋ ಕೊಟ್ಟರು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತೆಗೆದುಕೊಳ್ಳಬೇಡಿ. 2012ರಲ್ಲಿ ಒಂದು ಸಾವಿನ ನಂತರ ಹಲವು ಕಂಪನಿಗಳು ತಮ್ಮ ಸೆಟ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡವು. ಅಂಥವು ಈಗಲೂ ಯಾರದೋ ಅಟ್ಟದಲ್ಲಿ ಇರಬಹುದು. ಬೆಟ್ಟದ ಊರುಗಳ ಅಂಗಡಿಗಳಲ್ಲಿ ಹೊಸ ಸೆಟ್ ಬಾಡಿಗೆಗೆ ಸಿಗುತ್ತೆ.

ನಾನು ನಿಜವಾಗಿ ಹೆದರುವುದು ಜುಲೈ ಮಧ್ಯಾಹ್ನದ ಗುಡುಗಿಗೆ. ಬೆಳಗ್ಗೆ ಚಿನ್ನದಂಥ ಬಿಸಿಲು, ಎರಡು ಗಂಟೆಗೆ ಕಪ್ಪು ಮೋಡ. ಆ ಹೊತ್ತಿನಲ್ಲಿ ನೀವು ಸೊಂಟಕ್ಕೆ ಕಟ್ಟಿಕೊಂಡಿರುವುದು ನೂರಾರು ಮೀಟರ್ ಉದ್ದದ ಉಕ್ಕಿನ ತಂತಿಗೆ. ಸಿಡಿಲಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಾ? ಕ್ಲೆಟರ್‌ಶ್ಟೈಗ್ ಹೋಗುವುದಾದರೆ ಬೆಳಗ್ಗೆ ಏಳಕ್ಕೆ ಶುರು ಮಾಡಿ ಮಧ್ಯಾಹ್ನ ಊಟದೊಳಗೆ ಇಳಿದಿರಬೇಕು. ಹವಾಮಾನ ವರದಿಯಲ್ಲಿ ಗುಡುಗು ಎಂಬ ಮಾತಿದ್ದರೆ ಅವತ್ತು ಬೇಡ.

ಹಿಮಕುಸಿತದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಜುಲೈನ ನಿಮ್ಮ ದಾರಿಗಳಲ್ಲಿ ಅದು ನಿಮ್ಮ ಸಮಸ್ಯೆಯಲ್ಲ. ಕೂಗಿದರೆ ಹಿಮ ಕುಸಿಯುತ್ತೆ ಎನ್ನುವುದು ಸುಳ್ಳು. ಮಾರಕ ಹಿಮಕುಸಿತಗಳಲ್ಲಿ ಬಹುಪಾಲನ್ನು ಎಬ್ಬಿಸುವುದು ಅದರಲ್ಲಿ ಸಿಕ್ಕಿಕೊಂಡವರು ಅಥವಾ ಅವರ ಜೊತೆಯವರೇ, ತಮ್ಮ ಮೈಭಾರದಿಂದ. ಹೂತುಹೋದವರಿಗೆ ಇರುವುದು ಹತ್ತು-ಹದಿನೈದು ನಿಮಿಷ. ಅಷ್ಟರಲ್ಲಿ ಪಕ್ಕದಲ್ಲಿದ್ದವರೇ ತೆಗೆಯಬೇಕು.

ಅತ್ತೆಯವರ ಬ್ರಾಂಡಿ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಅವರೊಬ್ಬರಿಗೇ ಅಲ್ಲ, ಯುರೋಪಿನವರಿಗೂ ಈ ನಂಬಿಕೆ ಇತ್ತು. ಕೊರಳಿಗೆ ಬ್ರಾಂಡಿ ಪೀಪಾಯಿ ಕಟ್ಟಿಕೊಂಡ ಸೇಂಟ್ ಬರ್ನಾರ್ಡ್ ನಾಯಿಯ ಚಿತ್ರ ನೋಡಿರುತ್ತೀರಿ. ಆ ಪೀಪಾಯಿ ಜನಪ್ರಿಯವಾಗಿದ್ದು ಎಡ್ವಿನ್ ಲ್ಯಾಂಡ್‌ಸೀರ್ ಎಂಬ ಇಂಗ್ಲಿಷ್ ಚಿತ್ರಕಾರ 1820ರಲ್ಲಿ ಬರೆದ ಚಿತ್ರದಿಂದ. ಹೆಂಡ ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತೆ. ಅದು ಚರ್ಮದ ರಕ್ತನಾಳ ಹಿಗ್ಗಿ ಒಳಗಿನ ಬಿಸಿ ಹೊರಗೆ ಹೋಗುತ್ತಿರುವ ಅನುಭವ. ನಡುಕವೂ ಕಡಿಮೆಯಾಗುತ್ತೆ, ಅದು ಇನ್ನೂ ಕೆಟ್ಟದ್ದು, ಏಕೆಂದರೆ ನಡುಕವೇ ದೇಹದ ಒಲೆ. ಆದ್ದರಿಂದ ಬ್ರಾಂಡಿ ಬೇಡ. ಒದ್ದೆ ಬಟ್ಟೆ ತೆಗೆದು ಒಣಗಿದ್ದು ಹಾಕಿ, ಗಾಳಿಗೆ ಮರೆ ಮಾಡಿ, ತಲೆ ಮುಚ್ಚಿ. ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ ಸಕ್ಕರೆ ಜಾಸ್ತಿ ಹಾಕಿದ ಬಿಸಿ ಟೀ ಕೊಡಿ. ನಡುಕ ನಿಂತು ಮಾತು ತೊದಲಲು ಶುರುವಾದರೆ ಮಾತ್ರ ಹುಷಾರು. ಆಗ ಅವರನ್ನು ಎಬ್ಬಿಸಿ ನಡೆಸಬಾರದು, ಕೈಕಾಲು ಉಜ್ಜಬಾರದು. ತಣ್ಣಗಾದ ಹೃದಯಕ್ಕೆ ಸಣ್ಣ ಎಳೆದಾಟವೂ ಲಯ ತಪ್ಪಿಸಬಹುದು. ಮೆಲ್ಲಗೆ ಮಲಗಿಸಿ, ಸುತ್ತಿ, ಸಹಾಯಕ್ಕೆ ಕಾಯಬೇಕು. ಹೆಪ್ಪುಗಟ್ಟಿದ ಬೆರಳಿಗೆ ಹಿಮ ಉಜ್ಜುವುದೂ ಅಷ್ಟೇ ತಪ್ಪು.

ತಣ್ಣಗಾದವರ ವಿಷಯದಲ್ಲಿ ಸೀರಿಯಲ್‌ಗಳಿಗಿಂತ ನಿಜವೇ ವಿಚಿತ್ರ. ಆನಾ ಬೊಗೆನ್‌ಹೋಲ್ಮ್ ಎಂಬ ಸ್ವೀಡನ್ನಿನ ವೈದ್ಯೆ 1999ರಲ್ಲಿ ನಾರ್ವೆಯಲ್ಲಿ ಸ್ಕೀ ಮಾಡುವಾಗ ಹೆಪ್ಪುಗಟ್ಟಿದ ತೊರೆಯ ಮಂಜುಗಡ್ಡೆಯ ಕೆಳಗೆ ಸಿಕ್ಕಿಕೊಂಡರು. ಹೊರಗೆ ತೆಗೆಯುವಷ್ಟರಲ್ಲಿ ಹೃದಯ ನಿಂತಿತ್ತು, ಮೈಯ ಉಷ್ಣತೆ 13.7 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಆಸ್ಪತ್ರೆಯಲ್ಲಿ ರಕ್ತವನ್ನೇ ಯಂತ್ರದಲ್ಲಿ ಬೆಚ್ಚಗೆ ಮಾಡಿದರು. ಬದುಕಿದರು, ಮತ್ತೆ ವೈದ್ಯಕೀಯ ಕೆಲಸಕ್ಕೂ ಬಂದರು. ಹಾಗಾಗಿ ನಾಯಕ ‘ಬಿಟ್ಟುಬಿಡಿ, ಇನ್ನಿಲ್ಲ’ ಎಂದು ಡೈಲಾಗ್ ಹೊಡೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಹಿಮದಲ್ಲಿ ಸಿಕ್ಕವರನ್ನು ಬೆಚ್ಚಗೆ ಮಾಡುವ ಮುಂಚೆ ಸತ್ತರು ಅಂತ ನಿರ್ಧರಿಸುವುದು ಬಹಳ ಕಡಿಮೆ.

ಹಗ್ಗಕ್ಕೆ ನೇತಾಡುತ್ತಿದ್ದವರನ್ನು ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಬೇಕು ಅಂತಲೂ ಕೇಳಿರಬಹುದು. ಹಳೆಯ ಪುಸ್ತಕಗಳಲ್ಲಿ ಇತ್ತು, ಈಗ ಅದನ್ನು ಕೈಬಿಟ್ಟಿದ್ದಾರೆ. ಆದಷ್ಟು ಬೇಗ ಇಳಿಸಿ, ಚಪ್ಪಟೆಯಾಗಿ ಮಲಗಿಸಿ. ಇಳಿಸಲಾಗದಿದ್ದರೆ ಕಾಲಿಗೆ ಒತ್ತು ಕೊಟ್ಟು ಆಡಿಸುತ್ತಿರಲು ಹೇಳಿ. ಸುಮ್ನೆ ಜೋತುಬಿದ್ದಿರುವುದೇ ಅಪಾಯ.

ಹಾಗಾದರೆ ಜುಲೈನಲ್ಲಿ ಏನು ಮಾಡಬಹುದು? ನನ್ನ ಕುಟುಂಬವಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲ ದಿನ ಏನನ್ನೂ ಹತ್ತುವುದಿಲ್ಲ. ರಾತ್ರಿ ಊರಲ್ಲಿ ತಂಗಿ, ಮರುದಿನ ರೋಪ್‌ವೇಯ ಕೆಳ ನಿಲ್ದಾಣದಿಂದ ಡಾಖ್‌ಸ್ಟೈನ್‌ನ ದಕ್ಷಿಣದ ಬಂಡೆ ಗೋಡೆಯ ಬುಡದ ಗುಡಿಸಲು ಹೋಟೆಲ್‌ವರೆಗೆ ನಡೆಯುವುದು. ಒಂದು ಗಂಟೆಯೂ ಬೇಡ. ತಲೆ ಎತ್ತಿದರೆ ಇಡೀ ಗೋಡೆ ಎದುರಿಗೇ. ಯಜಮಾನರಿಗೆ ಅದರಲ್ಲೇ ಏದುಸಿರು ಬಂದರೆ ಕ್ಲೆಟರ್‌ಶ್ಟೈಗ್ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ. ಬರದಿದ್ದರೆ, ಮೂರನೆಯ ದಿನ ಪ್ರಮಾಣಪತ್ರ ಇರುವ ಗೈಡ್ ಜೊತೆ ಅಪ್ಪ-ಮಗ ಎ ಅಥವಾ ಬಿ ದರ್ಜೆಯ ಚಿಕ್ಕ ದಾರಿ ಹತ್ತಲಿ. ಗೈಡ್‌ಗೆ ಕೊಡುವ ಹಣ ಜಾಸ್ತಿ ಅನಿಸುತ್ತೆ, ಆದರೆ ಯಾವಾಗ ಹಿಂದಿರುಗಬೇಕು ಅಂತ ಹೇಳಲು ಮನೆಯವರಲ್ಲದ ಒಬ್ಬರು ಬೇಕು. ಗೈಡ್ ಇದ್ದರೂ ಕಲ್ಲು ಬೀಳುವುದು, ಹವೆ ಕೆಡುವುದು ತಪ್ಪುವುದಿಲ್ಲ ಎಂಬುದು ನೆನಪಿರಲಿ. ಗೈಡ್ ಇಲ್ಲದೆ, ಯೂಟ್ಯೂಬ್ ನೋಡಿ ಕಲಿತು, ಸಿ-ಡಿ ದರ್ಜೆಗೆ ಹೋಗುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನೀವು ಇಲ್ಲಿ ಹಟ ಹಿಡಿಯಬಹುದು.

ಅತ್ತೆಯವರು ರೋಪ್‌ವೇಯಲ್ಲಿ ಹೋಗಬಹುದು. ಕೆಲವೇ ನಿಮಿಷದಲ್ಲಿ ಸುಮಾರು 1,700 ಮೀಟರ್‌ನಿಂದ 2,700 ಮೀಟರ್‌ನ ಹೂನರ್‌ಕೋಗೆಲ್ ಶಿಖರಕ್ಕೆ ಏರಿಸಿಬಿಡುತ್ತೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಕಾಲುಭಾಗಕ್ಕೂ ಜಾಸ್ತಿ ಕಡಿಮೆ. ಬಿಪಿ ಮಾತ್ರೆಯಿಂದ ಹತೋಟಿಯಲ್ಲಿದ್ದು, ಮನೆಯಲ್ಲಿ ಎರಡು ಮಹಡಿ ಆರಾಮಾಗಿ ಹತ್ತುವವರಾದರೆ ಒಂದೆರಡು ಗಂಟೆ ಇದ್ದು ಬರಲು ತೊಂದರೆ ಇಲ್ಲ. ಅವತ್ತಿನ ಮಾತ್ರೆ ತಪ್ಪಿಸಬಾರದು, ಮೇಲೆ ಆತುರವಾಗಿ ನಡೆಯಬಾರದು, ಬೇಸಿಗೆ ಅಂತ ಸೀರೆ ಮೇಲೆ ತೆಳ್ಳನೆ ಸ್ವೆಟರ್ ಹಾಕಿ ಹೊರಡಬಾರದು. ಅಲ್ಲಿ ಜುಲೈನಲ್ಲೂ ಹಿಮ ಇರುತ್ತೆ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಕೂತಲ್ಲೇ ಉಸಿರು ಕಟ್ಟುತ್ತಿದ್ದರೆ ಬೇಡ. ಎಲ್ಲರಿಗೂ ಒಂದು ಎಚ್ಚರಿಕೆ: ಅಲ್ಲಿ ಹಿಮನದಿಯ ಮೇಲೆ ಗುರುತು ಹಾಕಿದ ದಾರಿ ಬಿಟ್ಟು ಫೋಟೋಗೆ ಅಂತ ನಾಲ್ಕು ಹೆಜ್ಜೆಯೂ ಪಕ್ಕಕ್ಕೆ ಹೋಗಬೇಡಿ. ಬಿರುಕುಗಳು ಹಿಮದ ತೆಳು ಪದರದ ಕೆಳಗಿರುತ್ತವೆ.

ಬಿಲ್ ವಿಷಯ. ಸೀರಿಯಲ್‌ನಲ್ಲಿ ಯಾರೂ ಬಿಲ್ ಕೇಳುವುದಿಲ್ಲ ಅಲ್ವಾ? ನಿಜದಲ್ಲಿ ಹೆಲಿಕಾಪ್ಟರ್ ಬಂದರೆ ಸಾವಿರಾರು ಯೂರೊ. ಜರ್ಮನಿಯ ಸಾಮಾನ್ಯ ಆರೋಗ್ಯ ವಿಮೆ ಆಸ್ಟ್ರಿಯಾದಲ್ಲಿ ಡಾಕ್ಟರ್, ಆಸ್ಪತ್ರೆ ಖರ್ಚು ನೋಡಿಕೊಳ್ಳಬಹುದು, ಬೆಟ್ಟದಿಂದ ಇಳಿಸಿದ ಖರ್ಚು ಬೇರೆ ಲೆಕ್ಕ. ಗಾಯವಿಲ್ಲದೆ ಬರೀ ಸುಸ್ತಾಗಿ ಕರೆಸಿದರೆ ಪೂರ್ತಿ ನಿಮ್ಮ ತಲೆಗೇ. ಜರ್ಮನ್ ಆಲ್ಪೈನ್ ಕ್ಲಬ್‌ನ ಸದಸ್ಯರಾದರೆ ಒಬ್ಬರಿಗೆ, ಒಂದು ಘಟನೆಗೆ 25,000 ಯೂರೊವರೆಗೆ ರಕ್ಷಣೆಯ ವೆಚ್ಚದ ವಿಮೆ ಅದರಲ್ಲೇ ಸೇರಿರುತ್ತೆ. ಇಡೀ ಕುಟುಂಬಕ್ಕೆ ಒಟ್ಟಿಗೆ ಮಾಡಿಸಬಹುದು. ಅತ್ತೆಯವರದ್ದು ಭಾರತದಲ್ಲಿ ತೆಗೆದ ಪ್ರವಾಸ ವಿಮೆ ಇರುತ್ತೆ. ಅಂಥ ಹಲವು ಪಾಲಿಸಿಗಳಲ್ಲಿ ಸಾಹಸ ಚಟುವಟಿಕೆ, ಹಳೆಯ ಕಾಯಿಲೆ ಎರಡನ್ನೂ ಹೊರಗಿಟ್ಟಿರುತ್ತಾರೆ, ಸಣ್ಣ ಅಕ್ಷರ ಓದಿ. ಆದರೆ ಎದೆನೋವು ಬಂದಾಗ ಬಿಲ್ ನೆನೆದು ಅರ್ಧ ಗಂಟೆ ಯೋಚಿಸುತ್ತಾ ಕೂರಬೇಡಿ. ಹಾಗೆ ಕೂತವರನ್ನು ನೋಡಿದ್ದೇನೆ.

ಮಗನ ಆಸೆಗೆ ತಣ್ಣೀರು ಎರಚಬೇಡಿ. ಸೀರಿಯಲ್ ನೋಡಿ ಹುಟ್ಟಿದ ಆಸೆಯಾದರೂ ಆಸೆಯೇ. ನೀವಿರುವ ಬವೇರಿಯಾದಲ್ಲಿ ಈ ಕೆಲಸ ಮಾಡುವುದು ಬೆರ್ಗ್‌ವಾಖ್ಟ್, ರೆಡ್ ಕ್ರಾಸ್‌ನ ಒಂದು ಭಾಗ. ಹಲವು ಠಾಣೆಗಳಲ್ಲಿ ಹುಡುಗ-ಹುಡುಗಿಯರ ಗುಂಪುಗಳಿವೆ. ಪೂರ್ತಿ ಸದಸ್ಯನಾಗಲು ಎರಡು-ಮೂರು ವರ್ಷದ ತರಬೇತಿ: ಪ್ರಥಮ ಚಿಕಿತ್ಸೆ, ಬೇಸಿಗೆಯ ಬಂಡೆ ಕೆಲಸ, ಚಳಿಗಾಲದ ಹಿಮದ ಕೆಲಸ. ಎಲ್ಲ ವಾರಾಂತ್ಯದಲ್ಲಿ, ಎಲ್ಲ ಪುಕ್ಕಟೆ ಸೇವೆ. ಹೆಣ ಹೊರುವ ದಿನಗಳೂ ಇರುತ್ತವೆ ಅಂತ ಅವನಿಗೆ ನೇರವಾಗಿ ಹೇಳಿ, 16 ವರ್ಷದವನಿಗೆ ಅರ್ಥವಾಗುತ್ತೆ. ನಮ್ಮ ಮನೆಗಳ ಮಕ್ಕಳು ಸಿಕ್ಕಿಕೊಳ್ಳುವುದು ಧೈರ್ಯದಲ್ಲೋ ಹಗ್ಗದಲ್ಲೋ ಅಲ್ಲ, ಸ್ಕೀಯಲ್ಲಿ. ಜೊತೆಯವರು ಮೂರನೇ ವಯಸ್ಸಿನಿಂದ ಸ್ಕೀ ಮಾಡಿರುತ್ತಾರೆ, ಪ್ರವೇಶ ಪರೀಕ್ಷೆಯಲ್ಲಿ ಎಂಥ ಹಿಮದಲ್ಲೂ ಹತೋಟಿ ತಪ್ಪದೆ ಇಳಿಯಬೇಕು. ಈಗ ಕ್ಲೈಂಬಿಂಗ್ ಹಾಲ್‌ಗೆ ಸೇರಿಸಿ, ಡಿಸೆಂಬರ್ ಬಂದ ಕೂಡಲೇ ಸ್ಕೀ ಶಾಲೆಗೆ ಕಳಿಸಿ.